ಯಯಾತಿಯ ಮಕ್ಕಳು: ಗಿರೀಶ ಕಾರ್ನಾಡರ ನಾಟಕಗಳಲ್ಲಿ ತಂದೆ-ಮಕ್ಕಳ ವಿಮುಖತೆ

ಗಿರೀಶ ಕಾರ್ನಾಡರ ನಾಟಕಗಳನ್ನು ಪೌರಾಣಿಕ, ಐತಿಹಾಸಿಕ, ಜಾನಪದ ಎಂದು ವಿಂಗಡಿಸಿ ಚರ್ಚಿಸುವುದು ಕನ್ನಡ ವಿಮರ್ಶೆಯಲ್ಲಿ ರೂಢಿಯಾಗಿದೆ. ವಸ್ತುವಿನ ಮೂಲವನ್ನು ಅನುಸರಿಸಿದ ಈ ವಿಂಗಡಣೆ ಪಾಠದ ಅನುಕೂಲಕ್ಕೆ ಸರಿಯಾದರೂ, ಈ ಮೂರೂ ವರ್ಗಗಳನ್ನು ಹಾದುಹೋಗುವ ಒಂದು ಎಳೆಯನ್ನು ಅದು ಮರೆಮಾಡುತ್ತದೆ. ಬೆಳೆದ ಮಕ್ಕಳು ಮತ್ತು ಅವರನ್ನು ಹೆತ್ತವರ ನಡುವೆ ಹುಟ್ಟಿ, ಮತ್ತೆ ಮುಚ್ಚಿಕೊಳ್ಳದ ಬಿರುಕೇ ಆ ಎಳೆ. 'ಯಯಾತಿ' (1961), 'ತುಘಲಕ್' (1964), 'ಹಯವದನ' (1971), 'ತಲೆದಂಡ' (1990), 'ಅಗ್ನಿ ಮತ್ತು ಮಳೆ' (1995) - ಈ ಐದೂ ನಾಟಕಗಳಲ್ಲಿ ಒಬ್ಬ ತಂದೆಯೋ ತಾಯಿಯೋ ಮಕ್ಕಳಿಂದ ದೂರವಾಗಿದ್ದಾರೆ, ಇಲ್ಲವೆ ದೂರವಾಗುತ್ತಾರೆ. ಇದನ್ನು 'ತಲೆಮಾರುಗಳ ಸಂಘರ್ಷ' ಎಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಆ ಮಾತು ಕಾರ್ನಾಡರು ನಿಜವಾಗಿ ತೋರಿಸಿದ್ದನ್ನು ಹೇಳುವುದಿಲ್ಲ. ಅವರ ಮೊದಲ ನಾಟಕದಲ್ಲಿ ತಂದೆಯೊಡನೆ ಸಂಘರ್ಷಕ್ಕಿಳಿಯುವ ಮಗನೇ ಇಲ್ಲ. ಅಲ್ಲಿರುವವನು ತಂದೆ ಬೇಡಿದ್ದನ್ನು ಕೊಟ್ಟ ಮಗ. ಕೊಟ್ಟದ್ದರಿಂದಲೇ ಎಲ್ಲವೂ ಹಾಳಾಗುತ್ತದೆ.

ಇದನ್ನು ಅರಿಯಲು ಮೊದಲು ಮೂಲಕಥೆಯನ್ನು ನೋಡಬೇಕು. ಮಹಾಭಾರತದ ಆದಿಪರ್ವದ ಯಯಾತಿ ಉಪಾಖ್ಯಾನವನ್ನು ಸಾಮಾನ್ಯವಾಗಿ ಭೋಗದ ಅತೃಪ್ತಿಯ ಕಥೆಯೆಂದು ಓದಲಾಗುತ್ತದೆ. ಶುಕ್ರಾಚಾರ್ಯನ ಶಾಪದಿಂದ ಅಕಾಲದಲ್ಲಿ ಮುದುಕನಾದ ಅರಸ, ಮಗನ ಯೌವನವನ್ನು ಪಡೆದು ಸಾವಿರ ವರ್ಷ ಸುಖಿಸಿ, ಕೊನೆಗೆ ಬಯಕೆಗೆ ತಣಿವಿಲ್ಲವೆಂದು ತಿಳಿಯುತ್ತಾನೆ. ಕಥೆಯ ತತ್ತ್ವ ಇದೇ ಇರಬಹುದು. ಆದರೆ ಕಥೆಯ ನಡುಭಾಗವನ್ನು ತುಂಬಿರುವುದು ಐವರು ಮಕ್ಕಳೊಡನೆ ತಂದೆ ನಡೆಸುವ ಐದು ಮಾತುಕತೆಗಳು. ದೇವಯಾನಿಯ ಮಕ್ಕಳಾದ ಯದು, ತುರ್ವಸು. ಶರ್ಮಿಷ್ಠೆಯ ಮಕ್ಕಳಾದ ದ್ರುಹ್ಯು, ಅನು, ಪೂರು. ಹಿರಿಯನಿಂದ ಕಿರಿಯನವರೆಗೆ ಒಬ್ಬೊಬ್ಬರನ್ನಾಗಿ ಕರೆದು ತಂದೆ ಕೇಳುತ್ತಾನೆ. ಮೊದಲ ನಾಲ್ವರು ಒಲ್ಲೆವೆನ್ನುತ್ತಾರೆ.

ಅವರು ಕೊಡುವ ಕಾರಣಗಳು ಗಮನಾರ್ಹವಾಗಿವೆ. ಅವುಗಳಲ್ಲಿ ದ್ವೇಷವಿಲ್ಲ, ಉದ್ಧಟತನವೂ ಇಲ್ಲ. ಮುಪ್ಪಿನಲ್ಲಿ ಅನ್ನಪಾನಗಳಿಗೂ ತೊಡಕು, ಗಡ್ಡ ನರೆಯುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ, ಆಶ್ರಿತರೂ ಹೀಯಾಳಿಸುತ್ತಾರೆ ಎಂದು ಯದು ಹೇಳುತ್ತಾನೆ. ಮುದುಕನು ಆನೆ, ರಥ, ಕುದುರೆಗಳನ್ನು ಏರಲಾರ, ಅವನ ಮಾತು ತೊದಲುತ್ತದೆ ಎಂಬುದು ದ್ರುಹ್ಯುವಿನ ವಾದ. ಮುದುಕನು ಮಗುವಿನಂತೆ ಹೊತ್ತುಗೊತ್ತಿಲ್ಲದೆ ಉಣ್ಣುತ್ತಾನೆ, ಅಶುಚಿಯಾಗಿರುತ್ತಾನೆ, ಅಗ್ನಿಕಾರ್ಯಕ್ಕೆ ಸಲ್ಲುವುದಿಲ್ಲ ಎಂದು ಅನು ನುಡಿಯುತ್ತಾನೆ. ಮುದಿಯಾದ ತಂದೆಯ ಎದುರಿಗೇ ನಿಂತು ಮುಪ್ಪಿನ ವರ್ಣನೆ ಮಾಡುವ ಈ ಮಕ್ಕಳ ಮಾತಿನಲ್ಲಿ, ಅವರಿಗೇ ತಿಳಿಯದ ಒಂದು ನಿಷ್ಠುರತೆಯಿದೆ. ತಂದೆ ಅದನ್ನು ಕೇಳಿಸಿಕೊಳ್ಳದೆ ಬಿಡುವುದಿಲ್ಲ. ಅವನು ಕೊಡುವ ಶಾಪಗಳು ಮಕ್ಕಳ ಮಾತುಗಳಿಂದಲೇ ಮಾಡಲ್ಪಟ್ಟಿವೆ. ಕುದುರೆ ರಥಗಳ ಮಾತೆತ್ತಿದ ದ್ರುಹ್ಯುವಿಗೆ ಕುದುರೆ ರಥಗಳು ನಡೆಯದ, ದೋಣಿ ತೆಪ್ಪಗಳಲ್ಲೇ ಸಂಚರಿಸಬೇಕಾದ ನಾಡು ಸಿಗುತ್ತದೆ. ಮುಪ್ಪಿನ ದೋಷಗಳನ್ನು ಎಣಿಸಿದ ಅನುವಿಗೆ ಆ ದೋಷಗಳೇ ತಗಲುತ್ತವೆ. ಅವನ ಮಕ್ಕಳು ಯೌವನಕ್ಕೆ ಬಂದೊಡನೆ ಸಾಯುತ್ತಾರೆ. ಹಿರಿಯನಾದ ಯದುವಿನ ಸಂತತಿ ರಾಜ್ಯಕ್ಕೆ ಎರವಾಗುತ್ತದೆ. ಮನೆಯ ಜಗಳಗಳಲ್ಲಿ ಒಮ್ಮೆ ಆಡಿದ ಮಾತನ್ನೇ ವರ್ಷಗಟ್ಟಲೆ ಹಿಡಿದುಕೊಂಡು ತಿರುಗಿ ಆಡುವ ರೀತಿಯನ್ನು ಬಲ್ಲವರಿಗೆ ಈ ರಚನೆ ಅಪರಿಚಿತವೆನಿಸಲಾರದು.

ಕೊನೆಯ ಮಗ ಪೂರು ಒಪ್ಪುತ್ತಾನೆ, ಅರಸನಾಗುತ್ತಾನೆ. ಪ್ರಜೆಗಳು ಇದನ್ನು ಸುಮ್ಮನೆ ಸ್ವೀಕರಿಸುವುದಿಲ್ಲ ಎಂಬುದೂ ಮೂಲದಲ್ಲಿದೆ. ಹಿರಿಯನಾದ ಯದುವಿರಲು ಕಿರಿಯನಿಗೆ ಪಟ್ಟವೇಕೆ ಎಂದು ಅವರು ಕೇಳುತ್ತಾರೆ. ತಂದೆಯ ಮಾತನ್ನು ಮೀರಿದವನು ಮಗನೇ ಅಲ್ಲ ಎಂಬುದು ಯಯಾತಿಯ ಉತ್ತರ. ಹೀಗೆ ಪಿತ್ರಾರ್ಜಿತವು ಹುಟ್ಟಿನ ಹಕ್ಕಾಗಿ ಉಳಿಯದೆ ವಿಧೇಯತೆಯ ಬೆಲೆಯಾಗಿ ಬದಲಾಗುತ್ತದೆ. (ತಾಯಿತಂದೆಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯ 23ನೆಯ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ರದ್ದುಪಡಿಸಿಕೊಳ್ಳುವ ಅವಕಾಶವನ್ನು ಹಿರಿಯರಿಗೆ ನೀಡಿದೆ. ಯಯಾತಿಯ ತರ್ಕ ಇನ್ನೂ ಬಳಕೆಯಲ್ಲಿದೆ, ಆದರೆ ದುರ್ಬಲರ ರಕ್ಷಣೆಗಾಗಿ.) ಇಷ್ಟಾದರೂ ವ್ಯಾಸಭಾರತ ಹೊರಹಾಕಲ್ಪಟ್ಟ ಮಕ್ಕಳನ್ನು ಮರೆಯುವುದಿಲ್ಲ. ಯದುವಿನಿಂದ ಯಾದವರು, ತುರ್ವಸುವಿನಿಂದ ಯವನರು, ದ್ರುಹ್ಯುವಿನಿಂದ ಭೋಜರು, ಅನುವಿನಿಂದ ಮ್ಲೇಚ್ಛರು ಎಂದು ಅದು ವಂಶಗಳನ್ನು ಎಣಿಸುತ್ತದೆ. ತಂದೆಗೆ ಇಲ್ಲವೆಂದ ಯದುವಿನ ಕುಲದಲ್ಲೇ ಶ್ರೀಕೃಷ್ಣನು ಹುಟ್ಟುತ್ತಾನೆ. ಒಪ್ಪಿದ ಪೂರುವಿನ ಕುಲದಲ್ಲಿ ಹುಟ್ಟುವವನು ತಂದೆಯ ಮದುವೆಗಾಗಿ ತನ್ನ ಮದುವೆಯನ್ನೇ ಬಿಟ್ಟುಕೊಡುವ ದೇವವ್ರತ. ಪೌರವರ ಮನೆಯಲ್ಲಿ ಮಗನು ಕೊಡುವುದು ಒಂದು ಸಲಕ್ಕೆ ಮುಗಿಯಲಿಲ್ಲ.

ಎ. ಕೆ. ರಾಮಾನುಜನ್ ಭಾರತೀಯ ಈಡಿಪಸ್ ಕಥೆಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದೇ ಅಂಶವನ್ನು ಎತ್ತಿ ತೋರಿದ್ದಾರೆ. ಗ್ರೀಕ್ ಕಥೆಯಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ. ನಮ್ಮ ಕಥೆಗಳಲ್ಲಿ ಹಿಂಸೆ ಹರಿಯುವ ದಿಕ್ಕು ತಿರುಗಿ, ತಂದೆಯಿಂದ ಮಗನ ಕಡೆಗೆ ಬರುತ್ತದೆ ಎಂಬುದು ಅವರ ವಿಚಾರ. ಯಯಾತಿ-ಪೂರು, ಶಂತನು-ಭೀಷ್ಮರ ಕಥೆಗಳು ಅದಕ್ಕೆ ಸಾಕ್ಷಿ. ಈ ವಿಚಾರ ಕಾರ್ನಾಡರ ಮೊದಲ ನಾಟಕಕ್ಕೆ ಬೀಗದಕೈಯಂತೆ ಒಪ್ಪುತ್ತದೆ. ಆದರೆ ಮುಂದಿನ ನಾಟಕಗಳಿಗೆ ಬಂದಾಗ ಅದು ಅಷ್ಟು ಸಲೀಸಾಗಿ ತಿರುಗುವುದಿಲ್ಲ ಎಂಬುದನ್ನೂ ಹೇಳಬೇಕು.

'ಯಯಾತಿ' ಹುಟ್ಟಿದ ಸಂದರ್ಭವನ್ನು ನಾಟಕಕಾರರೇ ದಾಖಲಿಸಿದ್ದಾರೆ. 1938ರಲ್ಲಿ ಮುಂಬಯಿಗೆ ಸಮೀಪದ ಮಾಥೇರಾನಿನಲ್ಲಿ ಹುಟ್ಟಿ, ಶಿರಸಿ ಧಾರವಾಡಗಳಲ್ಲಿ ಬೆಳೆದ ಕಾರ್ನಾಡರಿಗೆ 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗುವ ಅವಕಾಶ ಬಂದಿತು. ಆ ಕಾಲದಲ್ಲಿ ವಿದೇಶಕ್ಕೆ ಹೋಗುವ ಮಗ ಮರಳುವನೆಂಬ ಭರವಸೆ ಯಾವ ಮನೆಗೂ ಇರುತ್ತಿರಲಿಲ್ಲ. ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲದ ತರುಣ, ಹೊರಡುವ ಸಿದ್ಧತೆಯ ಆ ವಾರಗಳಲ್ಲಿ ತಾನು ಕನ್ನಡದಲ್ಲಿ ನಾಟಕ ಬರೆಯುತ್ತಿರುವುದನ್ನು ಕಂಡು ತಾನೇ ಬೆರಗಾದನು. ತನ್ನ ಭವಿಷ್ಯವನ್ನು ತ್ಯಾಗ ಮಾಡೆಂದು ಕೇಳುವಂತೆ ತೋರಿದ ಹಿರಿಯರ ಮೇಲಿನ ಅಸಮಾಧಾನ ಆ ಪುರಾಣಕಥೆಯನ್ನು ಆರಿಸಿಕೊಂಡಿತೆಂಬ ಭಾವವನ್ನು ಅವರು 1994ರಲ್ಲಿ ತಮ್ಮ ಮೂರು ನಾಟಕಗಳ ಇಂಗ್ಲಿಷ್ ಸಂಪುಟದ ಪ್ರಸ್ತಾವನೆಯಲ್ಲಿ ವ್ಯಕ್ತಪಡಿಸಿದ್ದಾರೆ. ಊರು ಬಿಟ್ಟು ಬಂದವರೇ ಬಹುಸಂಖ್ಯೆಯಲ್ಲಿರುವ ಹೊರನಾಡ ಕನ್ನಡಿಗರಿಗೆ ಈ ಸಂದರ್ಭದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿದ್ದೂ ಹೊರಡಲಿರುವ ಮಗ ಬರೆದ ಈ ನಾಟಕದಲ್ಲಿ ಹೊರಟುಹೋಗುವ ಮಗನಿಲ್ಲ. ಮೂಲದಲ್ಲಿ ಒಲ್ಲೆವೆಂದ ನಾಲ್ವರನ್ನೂ ಕಾರ್ನಾಡರು ಕೈಬಿಟ್ಟಿದ್ದಾರೆ. ಪೂರು ಒಬ್ಬನೇ ಉಳಿದಿದ್ದಾನೆ. ಅವನು ಶರ್ಮಿಷ್ಠೆಯ ಮಗನೂ ಅಲ್ಲ. ನಿರಾಕರಣೆಯ ದಾರಿಯನ್ನೇ ಮುಚ್ಚಿ, ಒಪ್ಪಿಗೆಯೊಳಗೆ ಏನಿದೆ ಎಂಬುದನ್ನು ನಾಟಕ ನೋಡಲು ಹೊರಡುತ್ತದೆ. ಇದು ಕೇವಲ ರಂಗದ ಅನುಕೂಲಕ್ಕಾಗಿ ಮಾಡಿಕೊಂಡ ಸಂಕ್ಷೇಪವಲ್ಲ. ನಾಟಕದ ಪೂರು ಪಿತೃಭಕ್ತಿಯಿಂದಷ್ಟೇ ಮುಪ್ಪನ್ನು ಹೊರುವುದಿಲ್ಲ. ಹೆಸರಾಂತ ವಂಶದಲ್ಲಿ ತಾನು ಸಾಮಾನ್ಯನೆಂಬ ಕೊರಗು ಅವನನ್ನು ತಿನ್ನುತ್ತಿದೆ. ತಂದೆಯ ಮುಪ್ಪನ್ನು ಹೊರುವುದು ಅವನಿಗೆ ಮಹತ್ತಿನ ಕಡೆಗೆ ತೆರೆದ ಒಂದೇ ಬಾಗಿಲಾಗಿ ತೋರುತ್ತದೆ. ಅಂದರೆ ತಂದೆ ಮಗನಿಂದ ಯೌವನವನ್ನು ಕಿತ್ತುಕೊಂಡಷ್ಟೇ ಸತ್ಯವಾಗಿ ಮಗನು ತಂದೆಯಿಂದ ಒಂದು ದೊಡ್ಡತನವನ್ನು ದೋಚಲು ನೋಡುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದೇ ಇಲ್ಲ.

ಅವರನ್ನು ಕಾಣುವವಳು ಮನೆಗೆ ಹೊಸದಾಗಿ ಬಂದ ಸೊಸೆ. ಚಿತ್ರಲೇಖೆ ಮೂಲದಲ್ಲಿಲ್ಲದ, ಕಾರ್ನಾಡರೇ ಸೃಷ್ಟಿಸಿದ ಪಾತ್ರ. ನಾಟಕದ ಅತ್ಯಂತ ಜೀವಂತ ಪಾತ್ರವೂ ಅದೇ. ಮುದುಕನಾಗಿ ಎದುರು ನಿಂತ ಗಂಡನನ್ನು ಅವಳು ಒಳಗೆ ಬಿಟ್ಟುಕೊಳ್ಳಲಾರಳು. ಸೊಸೆಯ ಧರ್ಮವನ್ನು ಬೋಧಿಸಲು ಬಂದ ಮಾವನನ್ನು ಅವಳು ಕೇಳುವ ಪ್ರಶ್ನೆ ಕನ್ನಡ ರಂಗಭೂಮಿಯನ್ನು ಬೆಚ್ಚಿಬೀಳಿಸಿದ್ದು ಸಹಜ. ತಾನು ವರಿಸಿದ ಯೌವನ ಈಗ ಮಾವನಲ್ಲಿದೆ. ಹಾಗಾದರೆ ತನ್ನನ್ನು ಸ್ವೀಕರಿಸಬೇಕಾದವನು ಯಾರು? ಅಪ್ಪ-ಮಗನ ಕೊಡುಕೊಳ್ಳುವಿಕೆಯ ಲೆಕ್ಕದಲ್ಲಿ ಯಾರೂ ಹಿಡಿಯದಿದ್ದ ಒಂದು ಜೀವ ತನ್ನ ಪಾಲನ್ನು ಕೇಳಿದಾಗ ಲೆಕ್ಕವೇ ಕುಸಿದುಬೀಳುತ್ತದೆ. ಅವಳು ವಿಷ ಕುಡಿಯುತ್ತಾಳೆ. ಯಯಾತಿಯ ಕಣ್ಣು ತೆರೆಯುವುದು ಸಾವಿರ ವರ್ಷಗಳ ಭೋಗದಿಂದಲ್ಲ, ಈ ಹೆಣದಿಂದ. ಅವನು ಮುಪ್ಪನ್ನು ಮರಳಿ ಪಡೆದು ಶರ್ಮಿಷ್ಠೆಯೊಡನೆ ಕಾಡಿಗೆ ಹೋಗುತ್ತಾನೆ. ಪೂರುವಿಗೆ ಯೌವನ ಮತ್ತು ಸಿಂಹಾಸನ ಎರಡೂ ಬರುತ್ತವೆ. ಅವುಗಳ ಅರ್ಥವೇನೆಂದು ಹೇಳುವವರು ಮಾತ್ರ ಯಾರೂ ಉಳಿದಿರುವುದಿಲ್ಲ.

ಇದೇ ವಸ್ತುವನ್ನು ಅದಕ್ಕೆ ತುಸು ಮೊದಲು, 1959ರಲ್ಲಿ, ವಿ. ಸ. ಖಾಂಡೇಕರರು ಮರಾಠಿಯಲ್ಲಿ ಕಾದಂಬರಿಯಾಗಿಸಿದ್ದರು. ಮುಂಬಯಿ ಪುಣೆಗಳ ಕನ್ನಡ ವಿದ್ಯಾರ್ಥಿಗೆ ಎರಡನ್ನೂ ಮೂಲದಲ್ಲೇ ಓದುವ ಅನುಕೂಲವಿರುವುದರಿಂದ ಹೋಲಿಕೆ ಪ್ರಯೋಜನಕಾರಿಯಾದೀತು. ಯಯಾತಿ, ದೇವಯಾನಿ, ಶರ್ಮಿಷ್ಠೆಯರ ಬಾಯಲ್ಲಿ ಕಥೆ ಹೇಳಿಸುವ ಖಾಂಡೇಕರರು, ನಹುಷನ ಮಕ್ಕಳು ಎಂದೂ ಸುಖಿಗಳಾಗಲಾರರೆಂಬ ಶಾಪವನ್ನು ಕಥೆಯ ಬುಡದಲ್ಲಿಟ್ಟಿದ್ದಾರೆ. ಆ ಶಾಪಕ್ಕೆ ಅಂಜಿ ಮನೆ ಬಿಟ್ಟು ವಿರಕ್ತನಾದ ಅಣ್ಣ ಯತಿ ಅಲ್ಲಿ ಮುಖ್ಯ ಪಾತ್ರ. ಹೀಗೆ ಖಾಂಡೇಕರರಲ್ಲಿ ಮನೆ ಬಿಡುವ ಮಗನಿದ್ದಾನೆ, ಆದರೆ ಅವನು ಯಯಾತಿಯ ಮಗನಲ್ಲ, ಸೋದರ. ಯಯಾತಿ ತಾನೇ ಗಾಯಗೊಂಡ ಮಗನಾಗಿ ನಮ್ಮ ಸಹಾನುಭೂತಿಯನ್ನು ಕೇಳುತ್ತಾನೆ. ಕಾರ್ನಾಡರ ಯಯಾತಿಗೆ ಅಂಥ ಬಾಲ್ಯವನ್ನು ಒದಗಿಸಿಲ್ಲ. ಅವನನ್ನು ತಂದೆಯಾಗಿಯೇ ಅಳೆಯಬೇಕು. ಇಪ್ಪತ್ತೆರಡರ ವಯಸ್ಸಿನ ನಾಟಕಕಾರನಿಗೆ ತಂದೆಯ ಬಾಲ್ಯದ ಬಗೆಗೆ ಕುತೂಹಲವಿಲ್ಲದಿರುವುದು ಅರ್ಥವಾಗುವಂಥದ್ದೇ. ಈ ಕೊರತೆ ನಾಟಕಕ್ಕೆ ಬಿಗಿಯನ್ನು ಕೊಟ್ಟಿದೆ ಎಂಬುದನ್ನೂ ಒಪ್ಪಬೇಕು.

'ತುಘಲಕ್' ಬರುವ ಹೊತ್ತಿಗೆ ತಂದೆ ತೆರೆ ಏಳುವ ಮೊದಲೇ ಸತ್ತಿದ್ದಾನೆ. ಮಹಮ್ಮದನು ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದನೆಂಬ ಮಾತು ದಿಲ್ಲಿಯ ಬೀದಿಗಳಲ್ಲಿ ಓಡಾಡುತ್ತಿದೆ. ಮಲತಾಯಿಯೆದುರು ಅವನು ಅದನ್ನು ಒಪ್ಪಿಕೊಳ್ಳುತ್ತಾನೆ, ಆದರ್ಶಕ್ಕಾಗಿ ಮಾಡಿದೆನೆಂದು ಸಮರ್ಥಿಸುತ್ತಾನೆ. ಅವನ ಮೇಲೆ ಅಕ್ಕರೆಯುಳ್ಳ ಕೊನೆಯ ಜೀವವೂ ಅವನದೇ ಆಜ್ಞೆಯಿಂದ ಕಲ್ಲೇಟಿಗೆ ಬಲಿಯಾಗುತ್ತದೆ. 'ಹಯವದನ'ದಲ್ಲಿ ದಿಕ್ಕು ಮತ್ತೆ ತಿರುಗುತ್ತದೆ. ಶಾಪ ಕಳೆದ ತಂದೆ ಗಂಧರ್ವನಾಗಿ ಮರಳುತ್ತಾನೆ, ತಾಯಿ ಕುದುರೆಯಾಗಿ ಓಡಿಹೋಗುತ್ತಾಳೆ. ಇಬ್ಬರೂ ತಮ್ಮ ತಮ್ಮ ಪೂರ್ಣತೆಯನ್ನು ಹಿಡಿದು ಹೊರಟಾಗ ಕುದುರೆಯ ತಲೆಯ ಮಗ ಒಬ್ಬನೇ ಉಳಿಯುತ್ತಾನೆ. ಈ ಉಪಕಥೆಯನ್ನು ಹಾಸ್ಯವೆಂದು ನಕ್ಕು ಬಿಡುವ ಪ್ರೇಕ್ಷಕನು, ಮುಖ್ಯಕಥೆಯ ಕೊನೆಗೆ ನಗುವನ್ನೇ ಅರಿಯದ ಮಗುವೊಂದು ರಂಗಕ್ಕೆ ಬಂದಾಗ ಸುಮ್ಮನಾಗಬೇಕಾಗುತ್ತದೆ.

ಕಾರ್ನಾಡರು ಈ ಸಮಸ್ಯೆಯನ್ನು ಅತ್ಯಂತ ಪ್ರೌಢವಾಗಿ ನಿರ್ವಹಿಸಿದ್ದು 'ತಲೆದಂಡ'ದಲ್ಲಿ. ವಚನ ಚಳುವಳಿಯ ಬಗೆಗಿನ ಈ ನಾಟಕ ತೆರೆದುಕೊಳ್ಳುವುದು ಅನುಭವಮಂಟಪದಲ್ಲಲ್ಲ, ಕಲ್ಯಾಣದ ಬ್ರಾಹ್ಮಣ ಕೇರಿಯ ಒಂದು ಮನೆಯಲ್ಲಿ. ಹಾಸಿಗೆ ಹಿಡಿದ ಸಾಂಬಶಿವ ಶಾಸ್ತ್ರಿ ಮಗನಿಗಾಗಿ ಹಂಬಲಿಸುತ್ತಿದ್ದಾನೆ. ಶರಣನಾದ ಮಗ ಜಗದೇವ ಬಂದರೂ ಒಬ್ಬನೇ ಬರುವುದಿಲ್ಲ. ಕೆಳಜಾತಿಯಲ್ಲಿ ಹುಟ್ಟಿದ ಗೆಳೆಯ ಮಲ್ಲಿಬೊಮ್ಮನೂ ತನ್ನೊಡನೆ ಒಳಗೆ ಬರಬೇಕೆಂದು ಹಟ ಹಿಡಿಯುತ್ತಾನೆ. ತಾಯಿ ಅಂಬೆಗೆ ಸಿದ್ಧಾಂತ ಬೇಡ, ಮಗ ಹೊಸ್ತಿಲು ದಾಟಿದರೆ ಸಾಕು. ಅದಕ್ಕಾಗಿ ಅವಳು ಮಲ್ಲಿಬೊಮ್ಮನನ್ನೂ ಕರೆಯಲು ಸಿದ್ಧಳಾಗುತ್ತಾಳೆ. ಸಂಕೋಚದಿಂದ ಹಿಂಜರಿಯುವವನು ಮಲ್ಲಿಬೊಮ್ಮನೇ. ಜಗದೇವನ ನಿಲುವು ನ್ಯಾಯವಾದದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಸಾಯುತ್ತಿರುವ ತಂದೆಯ ಹಾಸಿಗೆಯನ್ನೇ ಆ ನ್ಯಾಯದ ಪರೀಕ್ಷಾಸ್ಥಳವಾಗಿಸಿದ ಮಗನಲ್ಲಿ, ಬಿಜ್ಜಳನನ್ನು ಇರಿಯುವ ಮುಂದಿನ ಜಗದೇವನು ಆಗಲೇ ಹುಟ್ಟಿದ್ದಾನೆ. ಸರಿಯಾದ ಕಾರಣಕ್ಕಾಗಿ ತಂದೆಯಿಂದ ವಿಮುಖನಾದವನು ಆ ವಿಮುಖತೆಯ ರುಚಿಯನ್ನೇ ಕಾರಣಕ್ಕಿಂತ ಹೆಚ್ಚಾಗಿ ಹಚ್ಚಿಕೊಳ್ಳಬಹುದೆಂಬ ಸೂಕ್ಷ್ಮವನ್ನು ಕನ್ನಡದಲ್ಲಿ ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ದೃಶ್ಯಗಳು ವಿರಳ.

ಇದಕ್ಕೆ ಎದುರಾಗಿ ಅರಮನೆಯಲ್ಲಿ ಇನ್ನೊಂದು ಜೋಡಿಯಿದೆ. ಕ್ಷೌರಿಕ ಕುಲದಿಂದ ಬಂದು, ಕ್ಷತ್ರಿಯತ್ವವನ್ನು ಹಣ ಕೊಟ್ಟು ಪಡೆದ ಮನೆತನದ ಬಿಜ್ಜಳನಿಗೆ ಆ ಸುಳ್ಳಿನ ನೆನಪಿದೆ. ಕ್ಷತ್ರಿಯನಾಗಿಯೇ ಬೆಳೆದ ಮಗ ಸೋವಿದೇವನಿಗೆ ಅದು ಬೇಡ. ಹುಟ್ಟನ್ನು ಎಣಿಸದೆ ತನ್ನನ್ನು ಮನುಷ್ಯನಾಗಿ ಕಂಡವರು ಶರಣರೆಂಬ ಕಾರಣಕ್ಕೆ ಬಿಜ್ಜಳನ ಮನಸ್ಸು ಮಗನಿಗಿಂತ ಬಸವಣ್ಣನ ಕಡೆಗೆ ಒಲಿಯುತ್ತದೆ. ಮಗನಿಗೆ ದೊರೆಯುವುದು ತಾತ್ಸಾರ ಮಾತ್ರ. ಹೀಗೆ ಒಬ್ಬ ತಂದೆ ಬಸವಣ್ಣನಿಗಾಗಿ ಮಗನನ್ನು ಕಳೆದುಕೊಳ್ಳುತ್ತಾನೆ, ಇನ್ನೊಬ್ಬ ತಂದೆ ಮಗನಲ್ಲಿ ಸಿಗದ್ದನ್ನು ಬಸವಣ್ಣನಲ್ಲಿ ಕಾಣುತ್ತಾನೆ. ಸೋವಿದೇವ ತಂದೆಯನ್ನು ಬಂಧಿಸಿ ಸಿಂಹಾಸನವೇರಿದಾಗ, ಪ್ರೇಕ್ಷಕನಿಗೆ ಅವನ ಮೇಲೆ ಕೋಪದೊಡನೆ ಒಂದಿಷ್ಟು ಕನಿಕರವೂ ಹುಟ್ಟಬೇಕು. ಅನೇಕ ಪ್ರಯೋಗಗಳು ಸೋವಿದೇವನನ್ನು ಬರಿಯ ಮೂಢನನ್ನಾಗಿ ಮಾಡಿ ಈ ಕನಿಕರವನ್ನು ಕಳೆದುಬಿಡುತ್ತವೆ. ತಾಯಿ ರಂಭಾವತಿ ಇಬ್ಬರ ನಡುವೆ ನಿಂತು ಮಗನ ಪರವಾಗಿ ಗಂಡನೊಡನೆ ವಾದಿಸುವ ದೃಶ್ಯಗಳಿಗೆ ವಿಮರ್ಶೆಯಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ.

ಅರಣ್ಯಪರ್ವದ ಯವಕ್ರೀತನ ಉಪಾಖ್ಯಾನವನ್ನು ಆಧರಿಸಿದ 'ಅಗ್ನಿ ಮತ್ತು ಮಳೆ'ಯಲ್ಲಿ ಕಾರ್ನಾಡರು ಮತ್ತೆ ಮುಪ್ಪಿನ ಪ್ರಶ್ನೆಗೆ ಬರುತ್ತಾರೆ. ಮೂಲದಲ್ಲಿ ಪರಾವಸು ಕತ್ತಲಲ್ಲಿ ತಂದೆ ರೈಭ್ಯನನ್ನು ಜಿಂಕೆಯೆಂದು ಭ್ರಮಿಸಿ ಕೊಲ್ಲುತ್ತಾನೆ. ನಾಟಕದಲ್ಲಿ ಅವನಿಗೆ ಭ್ರಮೆಯೇನೂ ಇಲ್ಲ, ತಿಳಿದೇ ಕೊಲ್ಲುತ್ತಾನೆ. ಅವರಿಬ್ಬರ ವೈರದ ಬೇರು ಕಾಮದಲ್ಲೂ ರಾಜ್ಯದಲ್ಲೂ ಇಲ್ಲದೆ ವೃತ್ತಿಯಲ್ಲಿದೆ. ಮಳೆಗಾಗಿ ನಡೆಯುವ ಏಳು ವರ್ಷಗಳ ಯಜ್ಞಕ್ಕೆ ಅರಸನು ತಂದೆಯನ್ನು ಬಿಟ್ಟು ಮಗನನ್ನು ಪ್ರಧಾನ ಋತ್ವಿಜನನ್ನಾಗಿ ಆರಿಸಿದ್ದಾನೆ, ಮುದುಕನು ಅಷ್ಟು ವರ್ಷ ಬದುಕಲಿಕ್ಕಿಲ್ಲವೆಂಬ ಎಣಿಕೆಯಿಂದ. ತನ್ನ ಆಯುಷ್ಯವನ್ನು ಮಗನೂ ಅರಸನೂ ಕೂಡಿ ಅಳೆದರೆಂಬ ಉರಿ ರೈಭ್ಯನನ್ನು ಬಿಡುವುದಿಲ್ಲ. 1961ರ ನಾಟಕದಲ್ಲಿ ತಂದೆ ಮಗನ ವರ್ಷಗಳನ್ನು ತೆಗೆದುಕೊಂಡಿದ್ದ. ಮೂವತ್ತನಾಲ್ಕು ವರ್ಷಗಳ ತರುವಾಯದ ನಾಟಕದಲ್ಲಿ ಮಗ ತಂದೆಯ ವರ್ಷಗಳನ್ನು ಎಣಿಸುತ್ತಾನೆ. ನಾಟಕಕಾರನೂ ಈ ನಡುವೆ ಮಗನ ವಯಸ್ಸಿನಿಂದ ತಂದೆಯ ವಯಸ್ಸಿಗೆ ಬಂದಿದ್ದನು. ರೈಭ್ಯ ಒಳ್ಳೆಯವನಲ್ಲ, ಕ್ರೂರಿ. ಆದರೂ ಅವನ ಉರಿಯನ್ನು ಒಳಗಿನಿಂದ ಕಂಡಂತೆ ಯಯಾತಿಯ ಲಾಲಸೆಯನ್ನು ಕಾರ್ನಾಡರು ಕಂಡಿರಲಿಲ್ಲ. ರಾಮಾನುಜನ್ ಸೂತ್ರ ಸಡಿಲವಾಗುವುದು ಇಲ್ಲಿಯೇ. ಹಿಂಸೆ ಎರಡೂ ಕಡೆಯಿಂದ ಹರಿಯುತ್ತದೆ, ತಂದೆಯ ಕೊಲೆಯ ಕಳಂಕ ಕಿರಿಯ ಮಗ ಅರವಸುವಿನ ತಲೆಗೆ ಅಂಟುತ್ತದೆ.

ಈ ನಾಟಕಗಳಲ್ಲಿ ವಿಮುಖರಾಗುವ ಹಕ್ಕು ಗಂಡುಮಕ್ಕಳಿಗೇ ಮೀಸಲಾಗಿದೆಯೆಂಬ ಆಕ್ಷೇಪಣೆಗೆ ಅವಕಾಶವಿದೆ. ಚಿತ್ರಲೇಖೆ ಸೊಸೆ, ವಿಶಾಖೆ ಸೊಸೆ. ಮಗಳಾಗಿ ಹಿರಿಯರನ್ನು ಮೀರಿ ಹೊರಡುವವಳು 'ಅಗ್ನಿ ಮತ್ತು ಮಳೆ'ಯ ಬೇಡರ ಹುಡುಗಿ ನಿತ್ತಿಲೆ ಒಬ್ಬಳೇ. ಅವಳಿಗೆ ತನ್ನವರ ಕೈಯಿಂದಲೇ ಸಾವು ಬರುತ್ತದೆ. ಯಯಾತಿಗೆ ಮಗಳೂ ಇದ್ದಳೆಂಬುದು ನೆನಪಾದಾಗ ಈ ಆಕ್ಷೇಪಣೆಗೆ ಇನ್ನಷ್ಟು ತೂಕ ಬರುತ್ತದೆ. ಉದ್ಯೋಗಪರ್ವದಲ್ಲಿ, ಹಟದ ಕೇಡನ್ನು ತಿಳಿಸಲು ಕೌರವ ಸಭೆಯಲ್ಲಿ ನಾರದನು ದುರ್ಯೋಧನನಿಗೆ ಹೇಳುವ ಕಥೆಯಲ್ಲಿ ಅವಳು ಬರುತ್ತಾಳೆ. ಗುರುದಕ್ಷಿಣೆಗಾಗಿ ಒಂದು ಕಿವಿ ಕಪ್ಪಾದ ಎಂಟುನೂರು ಬಿಳಿಯ ಕುದುರೆಗಳನ್ನು ಹುಡುಕುತ್ತ ಬಂದ ಗಾಲವನಿಗೆ, ಕುದುರೆಗಳಿಲ್ಲದ ಯಯಾತಿ ಮಗಳು ಮಾಧವಿಯನ್ನು ಕೊಟ್ಟುಬಿಡುತ್ತಾನೆ. ಇನ್ನೂರು ಇನ್ನೂರು ಕುದುರೆಗಳಿಗೆ ಅವಳು ಹರ್ಯಶ್ವ, ದಿವೋದಾಸ, ಉಶೀನರರ ಬಳಿ ಒಂದೊಂದು ಮಗನನ್ನು ಹೆರುತ್ತಾಳೆ. ಉಳಿದ ಕುದುರೆಗಳ ಬದಲಿಗೆ ವಿಶ್ವಾಮಿತ್ರನಿಗೆ ನಾಲ್ಕನೆಯ ಮಗನನ್ನು ಹೆರುತ್ತಾಳೆ. ಕೆಲಸ ಮುಗಿದ ಮೇಲೆ ಮಗಳನ್ನು ಮರಳಿ ಪಡೆದ ತಂದೆ ಸ್ವಯಂವರ ಏರ್ಪಡಿಸುತ್ತಾನೆ. ಮಾಧವಿ ನೆರೆದ ವರರನ್ನೆಲ್ಲ ದಾಟಿ ಕಾಡನ್ನು ವರಿಸುತ್ತಾಳೆ, ಜಿಂಕೆಗಳಂತೆ ಹುಲ್ಲು ಮೇಯುತ್ತ ಬದುಕುತ್ತಾಳೆ. ಪೂರುವಿನಂತೆ ಕೊಟ್ಟು, ಯದುವಿನಂತೆ ಹೊರಟುಹೋದವಳು ಅವಳೊಬ್ಬಳೇ. ಕನ್ನಡದಲ್ಲಿ ಅನುಪಮಾ ನಿರಂಜನ ಅವಳನ್ನು ಕಾದಂಬರಿಯ ನಾಯಕಿಯಾಗಿಸಿದರು, ಹಿಂದಿಯಲ್ಲಿ ಭೀಷ್ಮ ಸಾಹನಿ ನಾಟಕ ಬರೆದರು. ಯಯಾತಿಯ ಮನೆಯನ್ನು ಅಷ್ಟು ಕೂಲಂಕಷವಾಗಿ ಶೋಧಿಸಿದ ಕಾರ್ನಾಡರು ಆ ಬಾಗಿಲನ್ನು ತೆರೆಯಲಿಲ್ಲ; 2008ರಲ್ಲಿ 'ಯಯಾತಿ'ಯನ್ನು ತಾವೇ ಇಂಗ್ಲಿಷಿಗೆ ತಂದಾಗಲೂ ತೆರೆಯಲಿಲ್ಲ.

ಮೂಲದಲ್ಲಿ ಆ ಕಥೆಗೆ ಇನ್ನೊಂದು ಭಾಗವಿದೆ. ಅಹಂಕಾರದಿಂದ ಪುಣ್ಯ ಕಳೆದುಕೊಂಡು ಸ್ವರ್ಗದಿಂದ ಬಿದ್ದ ಯಯಾತಿ, ಮಾಧವಿಯ ನಾಲ್ವರು ಮಕ್ಕಳು ಯಜ್ಞ ಮಾಡುತ್ತಿರುವಲ್ಲಿಗೆ ಬರುತ್ತಾನೆ. ಅವನಿಗೆ ಅವರ ಗುರುತಿಲ್ಲ. ಕಾಡಿನಿಂದ ಮಾಧವಿಯೂ ಅಲ್ಲಿಗೆ ಬರುತ್ತಾಳೆ. ಇವರು ನಿನ್ನ ಮಗಳ ಮಕ್ಕಳೆಂದು ತೋರಿಸುತ್ತಾಳೆ, ತನ್ನ ಪುಣ್ಯದಲ್ಲಿ ಅರ್ಧವನ್ನು ತೆಗೆದುಕೊಳ್ಳೆನ್ನುತ್ತಾಳೆ. ಅದಕ್ಕೂ ಮೊದಲು, ಜಿಂಕೆಯಂತೆ ಬದುಕುತ್ತಿರುವ ತಾನು ಅವನ ಮಗಳು ಮಾಧವಿಯೆಂದು ತಂದೆಗೆ ಅವಳೇ ಹೇಳಬೇಕಾಗುತ್ತದೆ.